ಕೇಳುವ ಮಗುವನ್ನು ಗದರಿಸಬೇಡಿರಿ



ನಮ್ಮ ಮಕ್ಕಳು ಹಲವು ಭಾಷೆ, ಹಲವು ಮತಗಳ ಮಕ್ಕಳೊಡನೆ ಕೂಡಿ ಓದುತ್ತಾರೆ. ಹಣೆಗೆ ವಿಭೂತಿ, ಕೊರಳಲ್ಲಿ ಇಷ್ಟಲಿಂಗ ಧರಿಸಿದ ಮಗುವನ್ನು ಪಕ್ಕದ ಮಗು 'ಇದೇನು?' ಎಂದು ಕೇಳಿದರೆ ಅದು ಕುತೂಹಲ. ಬೆರಳು ತೋರಿಸಿ ನಕ್ಕರೆ ಅದು ಅವಹೇಳನ. ಈ ಭೇದವನ್ನು ಮಕ್ಕಳಿಗೆ ತಿಳಿಸಿಕೊಡುವುದೇ ಈ ಪಾಠದ ಉದ್ದೇಶ.

ಕೇರಳದಲ್ಲಿ ನಡೆದ ಒಂದು ಸಂಗತಿಯನ್ನು ನೋಡೋಣ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆ ನಡೆದಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಆದರೆ ತಮ್ಮ ನಂಬಿಕೆಗೆ ಒಪ್ಪದೆಂದು ಹಾಡುತ್ತಿರಲಿಲ್ಲ. 1985ರ ಜುಲೈಯಲ್ಲಿ ಇದು ವಿಧಾನಸಭೆಯಲ್ಲಿ ಪ್ರಶ್ನೆಯಾಯಿತು. ಮಕ್ಕಳು ಅಗೌರವ ತೋರಿಲ್ಲವೆಂದು ವಿಚಾರಣೆಯಲ್ಲಿ ಕಂಡುಬಂದರೂ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಉಚ್ಚ ನ್ಯಾಯಾಲಯದಲ್ಲಿಯೂ ಅವರಿಗೆ ಪರಿಹಾರ ದೊರೆಯಲಿಲ್ಲ. ಕೊನೆಗೆ 1986ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತಿತು. ಹಾಡಲೇಬೇಕೆಂಬ ಕಾನೂನಿಲ್ಲ, ಎದ್ದು ನಿಂತವರು ಗೌರವ ತೋರಿದವರೇ ಎಂಬುದು ತೀರ್ಪಿನ ಸಾರ. ಆ ನಂಬಿಕೆ ನಮ್ಮ ಬುದ್ಧಿಗೆ ಒಪ್ಪಿಗೆಯೋ ಎಂಬುದನ್ನಲ್ಲ, ಅವರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದಾರೆಯೋ ಎಂಬುದನ್ನು ನೋಡಬೇಕೆಂದು ನ್ಯಾಯಾಲಯ ಹೇಳಿತು.

ಅಂಥ ಮಗು ನಮ್ಮ ಮಕ್ಕಳ ತರಗತಿಯಲ್ಲಿದ್ದರೆ? 'ನೀನೇಕೆ ಹಾಡುವುದಿಲ್ಲ?' ಎಂದು ಕೇಳಿ, ಉತ್ತರವನ್ನು ಕೊನೆಯವರೆಗೆ ಆಲಿಸುವ ಸಂಸ್ಕಾರ ನಮ್ಮ ಮಕ್ಕಳಲ್ಲಿ ಇರಬೇಕು.

ನಮ್ಮ ಸಂವಿಧಾನದ 28ನೆಯ ವಿಧಿಯಂತೆ, ಸಂಪೂರ್ಣ ಸರಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧನೆ ಸಲ್ಲದು. ಅನುದಾನಿತ ಶಾಲೆಯಲ್ಲಿಯೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂಡಿಸುವಂತಿಲ್ಲ. ಆದರೆ ಮತಗಳ ಬಗೆಗೆ ತಿಳಿಯಲು ಇದು ಅಡ್ಡಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಸ್ಪಷ್ಟಪಡಿಸಿತು. ಬೋಧಿಸಿ ಒಲಿಸುವುದು ಬೇರೆ, ತಿಳಿಸಿಕೊಡುವುದು ಬೇರೆ. 1976ರಲ್ಲಿ ಸೇರಿಸಲಾದ ಮೂಲಭೂತ ಕರ್ತವ್ಯಗಳಲ್ಲಿ ಸೌಹಾರ್ದವೂ ಇದೆ, ಜಿಜ್ಞಾಸೆಯೂ ಇದೆ.

ಮನೆಯಲ್ಲಿ ಈ ನಾಲ್ಕನ್ನು ರೂಢಿಸೋಣ:

1. 'ಇದರ ಅರ್ಥವೇನು?' ಎಂದು ಕೇಳಲು ಕಲಿಸೋಣ. 'ನಿಮ್ಮದು ತಪ್ಪು' ಎಂದು ಆರಂಭಿಸುವುದು ಬೇಡ.
2. ಒಬ್ಬರ ಮಾತು ಕೇಳಿ, ಆ ಮತದವರೆಲ್ಲ ಹೀಗೆಯೇ ಎಂದು ತೀರ್ಮಾನಿಸಬಾರದು.
3. ಹೇಳಲು ಇಷ್ಟಪಡದವರನ್ನು ಒತ್ತಾಯಿಸಬಾರದು.
4. ನಮ್ಮನ್ನು ಕೇಳಿದಾಗ ಗೊತ್ತಿದ್ದಷ್ಟು ಹೇಳಬೇಕು. ಗೊತ್ತಿಲ್ಲದಿದ್ದರೆ, 'ಅಜ್ಜನನ್ನು ಕೇಳಿ ಬಂದು ಹೇಳುತ್ತೇನೆ' ಎನ್ನಬೇಕು.

ಪರರ ನಂಬಿಕೆಯನ್ನು ವಿಚಾರಿಸಿದರೆ ಮಕ್ಕಳು ದಾರಿ ತಪ್ಪಿಯಾರೆಂದು ಕೆಲವು ಪಾಲಕರಿಗೆ ಅಂಜಿಕೆ. ಗೌರವಿಸುವುದೆಂದರೆ ಒಪ್ಪಿಕೊಳ್ಳುವುದೆಂದಲ್ಲ. ತನ್ನ ಲಿಂಗಪೂಜೆಯ ಅರ್ಥ ಬಲ್ಲ ಮಗುವಿಗೆ ನೆರೆಯವನ ನಮಾಜಿನಿಂದಾಗಲಿ, ಪ್ರಾರ್ಥನೆಯಿಂದಾಗಲಿ ಭಯವಿಲ್ಲ. ಅರ್ಥ ತಿಳಿಯದ ಮಗುವಿಗೇ ಭಯ. ಗಡಿಯಲ್ಲಿ ನಾವು ಎಷ್ಟೋ ಊರುಗಳಲ್ಲಿ ಸಂಖ್ಯೆಯಲ್ಲಿ ಕಡಿಮೆ. ನಮ್ಮ ಮಗುವಿಗೆ ಬಯಸುವ ಗೌರವವನ್ನು ನಾವೇ ಮೊದಲು ಕೊಡಬೇಕು.

ಮನೆಯಲ್ಲಿ ಚರ್ಚಿಸಲು: ನಿಮ್ಮ ಮಗುವಿಗೆ ಬೇರೆ ಮತದ ಗೆಳೆಯರೆಷ್ಟು? ಅವರ ಒಂದು ಹಬ್ಬದ ಅರ್ಥವನ್ನು ಅವರ ಬಾಯಿಂದಲೇ ಕೇಳಿ ಬರಲು ಹೇಳಿರಿ.