ತಪ್ಪಿದ ಎಂಟು ಗಂಟೆಗಳು

ನನ್ನ ಅಣ್ಣನು ಅಮೆರಿಕೆಯಲ್ಲಿ, ಬ್ಯಾಂಕಲ್ಲದ ಒಂದು ಸಂಸ್ಥೆಯಲ್ಲಿ, ಮನೆಸಾಲದ ಅರ್ಜಿಗಳನ್ನು ನೋಡಿಕೊಳ್ಳುತ್ತಾನೆ. ಮಗುವಿನ ಖಾಯಿಲೆಯ ಗಡಿಬಿಡಿಯಲ್ಲಿ ಹೋದ ವರ್ಷದ ಪಾಠಗಳನ್ನು ಮರೆತ. ಡಿಸೆಂಬರ್ 31ಕ್ಕೆ ಲೈಸೆನ್ಸು ಮುಗಿದು, ಜನವರಿಯಲ್ಲಿ ಕೈಕಟ್ಟಿ ಕುಳಿತ. ಅವನಿಂದ ತಿಳಿದುದನ್ನೇ ಇಲ್ಲಿ ಬರೆದಿದ್ದೇನೆ.

ಮನೆಸಾಲಗಳು ಕುಸಿದ ಕಾಲದಲ್ಲಿ, 2008ರಲ್ಲಿ, ಅಲ್ಲಿ ‘ಸೇಫ್’ ಕಾಯಿದೆ ಬಂದಿತು. ಅದರಂತೆ ಲೈಸೆನ್ಸುದಾರನು ವರ್ಷಕ್ಕೆ ಕನಿಷ್ಠ 8 ಗಂಟೆ ಓದಬೇಕು: ಕೇಂದ್ರ ಕಾನೂನು 3, ನೀತಿ 2, ರೂಢಿಗೆ ಹೊರತಾದ ಸಾಲಗಳು 2, ಇಷ್ಟವಿಷಯ 1. ಬ್ಯಾಂಕಿನ ನೌಕರರಿಗೆ ಬರಿಯ ನೋಂದಣಿ ಸಾಕು. ಈ ಭೇದ ನನಗೆ ಸರಿತೋರದು.

ತೊಡಕಿರುವುದು ಬಾಕಿ ತೀರಿಸುವುದರಲ್ಲಿ. ಪಾಠವು ಓದಿದ ವರ್ಷಕ್ಕೇ ಜಮೆಯಾಗುತ್ತದೆ. ಹಿಂದಿನ ವರ್ಷದ ಬಾಕಿಗೆ ‘ತಡವಾದ ಶಿಕ್ಷಣ’ವೆಂದೇ ಬೇರೆ ತರಗತಿಯುಂಟು. ಅದನ್ನು ಮುಗಿಸಿದರೂ ಈ ವರ್ಷದ 8 ಗಂಟೆ ಹಾಗೆಯೇ ಉಳಿಯುತ್ತದೆ. ಅಣ್ಣನು ಇದನ್ನರಿಯದೆ ಮೊದಲು ಮಾಮೂಲು ತರಗತಿಗೆ ಹಣ ಕಟ್ಟಿದ್ದ!

ಹಲವು ರಾಜ್ಯಗಳಲ್ಲಿ ಫೆಬ್ರವರಿ ಕೊನೆಯವರೆಗೆ ಲೈಸೆನ್ಸನ್ನು ಮರಳಿ ಪಡೆಯಬಹುದು. ಅಣ್ಣನಿಗೆ ಅದು ಸಿಕ್ಕಿದ್ದು 26ರಂದು. ಅಷ್ಟರಲ್ಲಿ ಅವನ ಕೈಯಲ್ಲಿದ್ದ ಮೂರು ಅರ್ಜಿಗಳು ಬೇರೆಯವರ ಪಾಲಾಗಿದ್ದವು.