‘ಇದೇ ಫೈನಲ್’ ಎಂಬ ಫೈಲು

ಪ್ರಕಾಶನವೊಂದರ ಬ್ಯಾಕಪ್ ಸ್ಕ್ರಿಪ್ಟುಗಳನ್ನು ನೋಡಿಕೊಳ್ಳುವ ನನಗೆ ಶೆಲ್ ಕಲಿಸಿದವರು ಲೇಖಕರು. ಅವರು ಕಳಿಸುವ ಫೈಲಿನ ಹೆಸರು ಹೀಗಿರುತ್ತದೆ: ‘ಮುನ್ನುಡಿ ತಿದ್ದಿದ್ದು (2) ಇದೇ ಫೈನಲ್’. ಎಲ್‌ಎಸ್ ಕೊಟ್ಟ ಪಟ್ಟಿಯನ್ನು ಹಾಗೇ ಫಾರ್ ಲೂಪಿಗೆ ಹಾಕಿದರೆ, ಶೆಲ್ ಸ್ಪೇಸ್ ಸಿಕ್ಕಲ್ಲೆಲ್ಲ ಕತ್ತರಿಸಿ ಒಂದರ ಬದಲು ಐದು ಫೈಲು ಹುಡುಕಲು ಹೊರಡುತ್ತದೆ. ಐದೂ ಸಿಗಲಿಲ್ಲ ಎಂದು ಗೊಣಗಿದರೆ ಪುಣ್ಯ. ‘ಮುನ್ನುಡಿ’ ಎಂಬ ಬೇರೊಂದು ಫೈಲು ನಿಜವಾಗಿಯೂ ಅಲ್ಲಿದ್ದು, ಲೂಪಿನೊಳಗೆ ಆರ್‌ಎಂ ಇದ್ದರೆ? 2001ರಲ್ಲಿ ಐಟ್ಯೂನ್ಸ್ 2.0ರ ಇನ್‌ಸ್ಟಾಲರ್ ಕೆಲವು ಮ್ಯಾಕ್‌ಗಳ ಡಿಸ್ಕನ್ನೇ ಅಳಿಸಿಹಾಕಿತು. ಡಿಸ್ಕಿನ ಹೆಸರಿನಲ್ಲಿ ಸ್ಪೇಸ್ ಇತ್ತು, ಸ್ಕ್ರಿಪ್ಟಿನಲ್ಲಿ ಕೋಟ್ ಇರಲಿಲ್ಲ.

ಹಾಗಾಗಿ ವೇರಿಯಬಲ್ ಎಲ್ಲೇ ಬರಲಿ, ಡಬಲ್ ಕೋಟಿನೊಳಗೇ ಇಡುತ್ತೇನೆ. ಎಲ್‌ಎಸ್ ಇರುವುದು ಮನುಷ್ಯರ ಕಣ್ಣಿಗೆ, ಲೂಪಿಗೆ ನೇರವಾಗಿ ./* ಸಾಕು. ಬರೀ * ಏಕೆ ಸಾಲದು ಎಂದರೆ, ಅಡ್ಡಗೆರೆಯಿಂದ ಶುರುವಾಗುವ ಹೆಸರನ್ನು ಆರ್‌ಎಂ ತನಗೆ ಕೊಟ್ಟ ಆಪ್ಷನ್ ಎಂದೇ ಓದಿಕೊಳ್ಳುತ್ತದೆ. ಲಿನಕ್ಸಿನಲ್ಲಿ ಓರೆಗೆರೆ ಮತ್ತು ನಲ್ ಬೈಟ್ ಬಿಟ್ಟು ಮತ್ತೇನು ಬೇಕಾದರೂ ಹೆಸರಾಗಬಹುದು, ಹೊಸ ಸಾಲು ಕೂಡ. ಫೋಲ್ಡರುಗಳ ಒಳಗೆಲ್ಲ ಇಳಿಯಬೇಕಾದಾಗ ಫೈಂಡ್‌ಗೆ -ಪ್ರಿಂಟ್0, ಎಕ್ಸ್‌ಆರ್ಗ್ಸ್‌ಗೆ -0 ಕೊಟ್ಟು ಆ ನಲ್ ಬೈಟನ್ನೇ ಬೇಲಿ ಮಾಡಿಕೊಳ್ಳುವುದು ಇದಕ್ಕೇ. ದಶಕಗಳಿಂದ ಬಳಕೆಯಲ್ಲಿದ್ದ ಈ ಜೋಡಿ ಪಾಸಿಕ್ಸ್ ಮಾನಕಕ್ಕೆ ಸೇರಿದ್ದು 2024ರಲ್ಲಿ. ತಡವಾಯಿತು, ಇರಲಿ.

ಇಷ್ಟು ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ಕನ್ನಡದ ಹೆಸರುಗಳ ಕಾಟ ಬೇರೆ. ‘ಫೈನಲ್’ ಹೆಸರಿನ ಎರಡು ಫೈಲುಗಳು ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಕೂತಿದ್ದವು. ಬೈಟುಗಳನ್ನು ತೆರೆದು ನೋಡಿದರೆ ಒಂದರ ಕೊನೆಯಲ್ಲಿ ಇ2 80 8ಸಿ: ಅರ್ಧಾಕ್ಷರದ ನಂತರ ಬಂದು ಕೂರುವ, ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆ. ಇನ್ನು ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ‘ಕೊಡಗು’ವಿನ ಒತ್ವವನ್ನು ಎತ್ವ, ಊತ್ವ ಎಂದು ಒಡೆದು ಇಡುತ್ತದೆ, ನಾವು ಟೈಪಿಸಿದ ‘ಕೊಡಗು’ ಅದಕ್ಕೆ ಹೊಂದುವುದಿಲ್ಲ. ಹೋಲಿಸುವ ಮೊದಲು ಎರಡನ್ನೂ ಯೂನಿಕೋಡಿನ ಒಂದೇ ರೂಪಕ್ಕೆ ತರಬೇಕು. ಆ ಕೆಲಸವನ್ನು ನಾನು ಶೆಲ್ಲಿಗೆ ಬಿಡದೆ ಪೈಥಾನ್‌ಗೆ ಒಪ್ಪಿಸುತ್ತೇನೆ.

ಉದ್ದದ ಲೆಕ್ಕವೂ ಇದೆ. ಇಎಕ್ಸ್‌ಟಿ4ರಲ್ಲಿ ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ನಮ್ಮ ಪ್ರತಿ ಸಂಕೇತಕ್ಕೂ 3 ಬೈಟ್, ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18. ನೀಳ ಶೀರ್ಷಿಕೆಯ ಪ್ರಬಂಧಗಳು ಬೇಗ ಅಂಚು ಮುಟ್ಟುತ್ತವೆ. ಅದಕ್ಕೇ ಬ್ಯಾಕಪ್ಪಿನ ದಿನಾಂಕವನ್ನು ನಾನು ಫೈಲಿಗಲ್ಲ, ಫೋಲ್ಡರಿಗೆ ಅಂಟಿಸುತ್ತೇನೆ.