ಬಣ್ಣ ಹೊಡೆಸುವ ಮೊದಲು ತಗಡು ನೋಡಿ

ಪ್ರಶ್ನೆ: ಅಪ್ಪ 1978ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ನಮ್ಮ ಶೆಡ್ಡಿನಲ್ಲಿದೆ. ಎಂಜಿನ್ ರಿಪೇರಿಯಾಗಿ ಓಡುತ್ತಿದೆ. ಮೇ ತಿಂಗಳಲ್ಲಿ ಮಗಳ ಮದುವೆ. ಅಷ್ಟರೊಳಗೆ ಹೊಸ ಬಣ್ಣ ಹೊಡೆಸಿ, ಅವಳನ್ನು ಅದರಲ್ಲೇ ಕಳಿಸಿಕೊಡುವ ಆಸೆ. ಒಬ್ಬ ಪೇಂಟರ್ ‘ಮೇಲೆ ಉಜ್ಜಿ ಹೊಡೆದುಬಿಡೋಣ, ಹತ್ತು ದಿನ ಸಾಕು’ ಎನ್ನುತ್ತಾರೆ. ಇನ್ನೊಬ್ಬರು ‘ಹಳೇ ಬಣ್ಣ ತೆಗೆದು ತಗಡು ನೋಡದೆ ಮುಟ್ಟುವುದಿಲ್ಲ, ಎರಡು ಮೂರು ತಿಂಗಳು ಬೇಕು’ ಎನ್ನುತ್ತಾರೆ. ಇವರು ದುಡ್ಡು ಕೀಳಲು ನೋಡುತ್ತಿದ್ದಾರೆಯೇ? ಸ್ವಲ್ಪ ಕೆಲಸ ನಾನೇ ಮಾಡಿಕೊಳ್ಳಬಹುದೇ?
– ಒಬ್ಬ ಓದುಗರು, ಕುಂದಾಪುರ

ಉತ್ತರ: ಎರಡನೆಯವರ ಮಾತೇ ಸರಿ. ಅವರು ಕೇಳುತ್ತಿರುವ ತಿಂಗಳುಗಳಲ್ಲಿ ಗನ್ ಹಿಡಿದು ಬಣ್ಣ ಹೊಡೆಯಲು ಬೇಕಾಗುವುದು ಒಂದೆರಡು ದಿನ. ಉಳಿದದ್ದೆಲ್ಲ ತಗಡನ್ನು ಹದಕ್ಕೆ ತರಲು ಹೋಗುತ್ತದೆ.

ನೀವೇ ಪರೀಕ್ಷಿಸಿ ನೋಡಿ. ಸಣ್ಣ ಅಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಮೇಲೆಲ್ಲ ಆಡಿಸಿ. ಬಾನೆಟ್ ಮೇಲೆ ಗಟ್ಟಿಯಾಗಿ ಹಿಡಿದದ್ದು ಬಾಗಿಲಿನ ಕೆಳ ಅಂಚಿನಲ್ಲೋ ಹಿಂದಿನ ಮಡ್‌ಗಾರ್ಡಿನಲ್ಲೋ ಜಾರಿ ಬಿದ್ದರೆ, ಅಲ್ಲಿ ಯಾರೋ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ. ಅದರಡಿ ತುಕ್ಕು ಇರುವ ಸಂಭವವೇ ಹೆಚ್ಚು. ಆಮೇಲೆ ಬಾಗಿಲು ತೆರೆದು, ಕಾಲಿಡುವ ಜಾಗದ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗವನ್ನು ಅಡಿಯಿಂದ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಪದ್ಮಿನಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ತುದಿ ಒಳಗಿಳಿದರೆ ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಲೇಬೇಕು. ಮಗಳನ್ನು ಕೂರಿಸಿ ಕಳಿಸುವ ಕಾರಿನಲ್ಲಿ ಇದನ್ನು ಬಣ್ಣದಡಿ ಮುಚ್ಚಿಹಾಕುವುದು ಬೇಡ.

ಇನ್ನೊಂದು ಪರೀಕ್ಷೆ ಡಿಕ್ಕಿಯ ಒಳಬದಿಯಲ್ಲಿ. ಥಿನ್ನರ್‌ನಲ್ಲಿ ಅದ್ದಿದ ಹತ್ತಿಯಿಂದ ಸ್ವಲ್ಪ ಹೊತ್ತು ಉಜ್ಜಿ. ಬಣ್ಣ ಕರಗಿ ಹತ್ತಿಗೆ ಬಂದರೆ ಅದು ಹಳೇ ಕಾಲದ ಎನ್‌.ಸಿ. (ನೈಟ್ರೋಸೆಲ್ಯುಲೋಸ್) ಬಣ್ಣ. ಅದರ ಮೇಲೆ ನೇರವಾಗಿ ಪಿ.ಯು. (ಪಾಲಿಯುರೆಥೇನ್) ಬಣ್ಣ ಹೊಡೆದರೆ ಕೆಳಗಿನ ಪದರ ಎದ್ದು ಸುಕ್ಕುಗಟ್ಟುವ ಅಪಾಯವಿದೆ. ಹತ್ತು ದಿನದ ಪೇಂಟರ್ ಇದಕ್ಕೇನು ಮಾಡುತ್ತಾರೆ ಎಂದು ಕೇಳಿ ನೋಡಿ.

ನಿಮ್ಮ ಕೈಯಿಂದ ಧಾರಾಳವಾಗಿ ಆಗುವ ಕೆಲಸ ಬಿಚ್ಚುವುದು. ಬಂಪರ್, ಗ್ರಿಲ್, ದೀಪಗಳು, ಹ್ಯಾಂಡಲ್‌ಗಳು, ಪಕ್ಕದ ಕ್ರೋಮ್ ಪಟ್ಟಿಗಳು, ಬಾಗಿಲಿನ ರಬ್ಬರ್ ಎಲ್ಲ ಕಳಚಿ. ಬಿಚ್ಚುವ ಮೊದಲು ಫೋಟೊ ತೆಗೆದು, ಪ್ರತಿ ಭಾಗದ ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣದಲ್ಲಿ ಹಾಕಿ ಹೆಸರು ಬರೆದಿಡಿ. ರಬ್ಬರಿನ ಸುತ್ತ ಟೇಪ್ ಅಂಟಿಸಿ ಹೊಡೆದ ಬಣ್ಣ ಮೊದಲು ಏಳುವುದು ಆ ಅಂಚಿನಲ್ಲೇ. ಮುಂದಿನ ಗಾಜು ಮಾತ್ರ ಅನುಭವಸ್ಥರೇ ತೆಗೆಯಲಿ. ಹಳೇ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿದ್ದಂತೆಯೇ ಉಜ್ಜಬೇಡಿ. ವಾಟರ್ ಪೇಪರ್ ಬಳಸಿ, ಒಳ್ಳೆಯ ಮಾಸ್ಕ್ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಬೇಗ ಆಗಲೆಂದು ಬಾನೆಟ್ಟನ್ನೋ ಟಾಪನ್ನೋ ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಕೊಡಬೇಡಿ, ಅಗಲವಾದ ತಗಡು ಸೊಟ್ಟಗಾಗುತ್ತದೆ.

ಬರೀ ತಗಡು ಕಂಡ ಕ್ಷಣದಿಂದ ಕೆಲಸ ಪೇಂಟರದು. ನಿಮ್ಮ ಊರಿನ ಉಪ್ಪುಗಾಳಿಗೆ ಅದು ರಾತ್ರಿ ಕಳೆಯುವುದರೊಳಗೆ ಕೆಂಪಾಗಬಹುದು, ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಗುರುತೂ ತುಕ್ಕಾಗುತ್ತದೆ. ಅದಕ್ಕೇ ಒಂದೊಂದೇ ಭಾಗ ಬಿಡಿಸಿ, ಜಿಡ್ಡು ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ತಗ್ಗನ್ನು ಟಿಂಕರಿಂಗ್‌ನವರು ತಟ್ಟಿಯೇ ಎಬ್ಬಿಸಲಿ. ಪುಟ್ಟಿ ಎರಡು ಮೂರು ಮಿಲಿಮೀಟರ್ ದಾಟಬಾರದು. ಅದನ್ನು ನೀರು ಹಾಕಿ ಉಜ್ಜುವುದೂ ಬೇಡ, ಅದು ನೀರು ಕುಡಿಯುತ್ತದೆ, ಮುಂದೆ ಬಣ್ಣ ಗುಳ್ಳೆ ಏಳುತ್ತದೆ. ಪುಟ್ಟಿಯ ಮೇಲೆ ಇನ್ನೊಂದು ಸಲ ಪ್ರೈಮರ್ ಹೊಡೆದ ನಂತರ ಒಳ್ಳೆ ಕೆಲಸಗಾರರು ಅದರ ಮೇಲೆ ತೆಳ್ಳಗೆ ಕಪ್ಪು ಬಣ್ಣ ಸಿಂಪಡಿಸಿ, ಪೇಪರನ್ನು ಕಟ್ಟಿಗೆಯ ತುಂಡಿಗೆ ಸುತ್ತಿ ಉಜ್ಜುತ್ತಾರೆ. ಎಲ್ಲೆಡೆ ಕಪ್ಪು ಹೋಗಿ ಒಂದು ಕಡೆ ಮಾತ್ರ ಮಚ್ಚೆಯಂತೆ ಉಳಿದರೆ ಅಲ್ಲಿನ್ನೂ ತಗ್ಗಿದೆ. ಆ ದಿನ ಹೋಗಿ ನೋಡಿ ಬನ್ನಿ, ಕೈಗೆ ತಿಳಿಯದ ತಗ್ಗೂ ಕಣ್ಣಿಗೆ ಕಾಣುತ್ತದೆ. ಪಿ.ಯು. ಬಣ್ಣದ ಹಾರ್ಡ್‌ನರ್ ಶ್ವಾಸಕೋಶಕ್ಕೆ ಕೆಟ್ಟದ್ದು, ಆದ್ದರಿಂದ ಅದನ್ನು ಶೆಡ್ಡಿನಲ್ಲಿ ನೀವೇ ಹೊಡೆಯುವ ಸಾಹಸ ಮಾಡಬೇಡಿ.

ಇನ್ನು ಮದುವೆಯ ಮಾತು. ಮಗಳು ಹಳೇ ಬಣ್ಣದ ಕಾರಿನಲ್ಲೇ ಹೋಗಲಿ ಎಂಬುದು ನನ್ನ ಸಲಹೆ. ಅದು ಅವಳ ಅಜ್ಜ ನೋಡಿದ ಬಣ್ಣ. ತೊಳೆದು, ಸಿಲಿಕೋನ್ ಇಲ್ಲದ ಪಾಲಿಶ್ ಹಾಕಿಸಿ. ಸಿಲಿಕೋನ್ ಉಳಿದರೆ ನಾಳೆ ಹೊಸ ಬಣ್ಣದಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಕೆಳಗಿನ ತಗಡಿನ ಪರೀಕ್ಷೆ ಮಾತ್ರ ಮದುವೆಗೆ ಮುಂಚೆಯೇ ಆಗಲಿ. ಅಲ್ಲಿ ಟೊಳ್ಳು ಕಂಡರೆ ಮೊದಲು ವೆಲ್ಡಿಂಗ್ ಮಾಡಿಸಿ. ಬಣ್ಣದ ಕೆಲಸವನ್ನು ಮಳೆಗಾಲ ಮುಗಿದ ಮೇಲೆ ಎರಡನೆಯವರಿಗೇ ವಹಿಸಿ. ಬಣ್ಣ ಬದಲಿಸುವ ಮನಸ್ಸಿದ್ದರೆ ಆರ್‌.ಸಿ.ಯಲ್ಲೂ ಅದು ನಮೂದಾಗಬೇಕು, ಕೆಲಸಕ್ಕೆ ಕೊಡುವ ಮೊದಲೇ ಆರ್‌.ಟಿ.ಒ. ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.